ಬಲಮಗ್ಗುಲಲ್ಲಿ ನಾಲ್ಕು ಗಂಟೆ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಆಸ್ಪತ್ರೆಯ ಗೇಟು ಮೂಗಿಗೆ ತಾಗುವಷ್ಟು ಹತ್ತಿರವಾದ ಮೇಲೇ ಕಂಡಿತು. ಮರಕ್ಕೆ ಪಾಲಿಶ್ ಹಾಕುವವನು ಅಕ್ಕನ ಹಿಂದೆ ನಡೆದ. ಅವನ ಮಳಿಗೆಯ ಬೀಗದ ಕೈ ಅವಳ ಚೀಲದಲ್ಲಿತ್ತು.

ಮೂರು ತಿಂಗಳ ಹಿಂದೆ ರಕ್ತಪರೀಕ್ಷೆಯಲ್ಲಿ ಲಿವರಿಗೆ ಪೆಟ್ಟಾಗಿದೆ ಎಂದು ಬಂದಾಗ ಅಕ್ಕ ಮೊದಲು ಮಾಡಿದ ಕೆಲಸ ಅವನ ಅಂಗಿ ಮೂಸಿದ್ದು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯುಂಡೆಯನ್ನು ಅದರಲ್ಲಿ ಅದ್ದಿ ದಿನವಿಡೀ ಮೇಜು ಕುರ್ಚಿ ಉಜ್ಜುವವನ ಅಂಗಿ ಮಲ್ಲಿಗೆಯಂತೆ ಘಮಘಮಿಸುತ್ತದೆಯೇ? ಕದ್ದು ಕುಡಿಯುತ್ತಾನೆಂದೇ ತೀರ್ಮಾನಿಸಿ ಅವಳು ಮಳಿಗೆಗೆ ಬೀಗ ಜಡಿದಳು. ಗಿರಾಕಿಯೊಬ್ಬರ ಅರ್ಧ ಪಾಲಿಶ್ ಆದ ತೊಟ್ಟಿಲೊಂದು ಒಳಗೇ ಉಳಿಯಿತು. ಅದರಲ್ಲಿ ಮಲಗಬೇಕಿದ್ದ ಮಗು ಆಗಲೇ ಮಗುಚಿಕೊಳ್ಳುತ್ತಿತ್ತಂತೆ.

ಬೀಗ ಬಿದ್ದರೂ ರಕ್ತದ ಅಂಕಿಗಳು ಏರುತ್ತಲೇ ಹೋದವು. ಸ್ಕ್ಯಾನ್ ಕಾರಣ ಹೇಳಲಿಲ್ಲ. "ಲಿವರಿನ ಒಂದು ಚೂರು ತೆಗೆದೇ ನೋಡ್ಬೇಕು" ಎಂದಿದ್ದರು ಡಾಕ್ಟರು.

ಪಕ್ಕೆಲುಬುಗಳ ನಡುವೆ ಮರಗಟ್ಟಿಸುವ ಮದ್ದು ಚುಚ್ಚಿದರು. "ಉಸಿರು ಬಿಟ್ಟು ಹಾಗೇ ಹಿಡೀರಿ" ಎಂದರು. ಸೂಜಿ ಟಕ್ಕೆಂದಿತು. ನೂಲಿನೆಳೆಯಂಥ ಚೂರೊಂದು ಸೀಸೆಗಿಳಿಯಿತು, ಅಷ್ಟೇ.

ಕಷ್ಟ ಶುರುವಾದದ್ದು ಆಮೇಲೆ. ಒಳಗೆ ರಕ್ತ ಸೋರದಿರಲೆಂದು ನಾಲ್ಕು ಗಂಟೆ ಬಲಮಗ್ಗುಲಲ್ಲೇ ಮಲಗಿರಬೇಕು. ಅಕ್ಕನ ಕುರ್ಚಿಯೂ ಬಲಕ್ಕೇ ಇತ್ತು.

"ಈಗಲಾದ್ರೂ ಒಪ್ಕೊಂಡ್ಬಿಡೋ. ಆ ಚೂರು ಬಾಯ್ಬಿಡೋ ಮುಂಚೆ ನೀನೇ ಬಿಟ್ರೆ ಮರ್ಯಾದೆ."

"ಅಕ್ಕಾ, ಪಕ್ಕೆಗೆ ಒಂದ್ಸಲ ಚುಚ್ಚಿ ಬಿಟ್ಬಿಟ್ರು. ನೀನು ಕಿವಿಗೆ ಬೆಳಿಗ್ಗೆಯಿಂದ ಚುಚ್ತಾ ಇದೀಯ."

"ಕದ್ದು ಕುಡಿಯೋನಿಗೆ ಮಾತು ಜಾಸ್ತಿ."

"ನರ್ಸಮ್ಮಾ, ಒಂದೇ ಒಂದ್ಸಲ ಆ ಕಡೆ ತಿರುಗ್ಲಾ?"

"ಅಲ್ಲಾಡಬಾರದು" ಎಂದು ನರ್ಸಮ್ಮ ಬಿಪಿ ನೋಡಿ ಹುಬ್ಬೇರಿಸಿದಳು. "ನೀವು ಸ್ವಲ್ಪ ಸುಮ್ನಿರಿ ತಾಯಿ. ಇವರ ಬಿಪಿ ಏರ್ತಿದೆ."

ಭಗವಂತ ತಾಳ್ಮೆಯನ್ನು ಅಳೆದೇ ಕೊಡುತ್ತಾನೆ. ತಮ್ಮನ ಪಾಲು ಮಧ್ಯಾಹ್ನದ ಹೊತ್ತಿಗೆ ತಳ ಕಂಡಿತ್ತು. "ಸಾಕು ಮಾಡೇ! ಆಣೆಗೂ ಕುಡಿದಿಲ್ಲ!" ಎಂದು ಕಿರುಚಿದ.

ಅಕ್ಕ ಚೀಲದ ಹಿಡಿಯನ್ನು ತಿರುಚಿದಳು. "ಅಪ್ಪನೂ ಹಿಂಗೇ ಆಣೆ ಇಡ್ತಿದ್ರು. ಕೊನೇವರೆಗೂ ನಂಬಿದ್ದೆ ಕಣೋ."



ವಾರದ ಮೇಲೆ ಡಾಕ್ಟರು ವರದಿ ಓದಿದರು. "ಇದು ಕುಡಿತದ್ದಲ್ಲ. ರೋಗದ ಮೇಲೆ ಬೀಳ್ಬೇಕಾದ ಮೈಯ ಕಾವಲೇ ದಾರಿತಪ್ಪಿ ಲಿವರ್ ಮೇಲೆ ಬಿದ್ದಿದೆ. ರಕ್ತದ ಇನ್ನೊಂದು ಪರೀಕ್ಷೇಲೂ ಅದೇ ಬಂದಿದೆ. ಮಾತ್ರೆ ಬಹಳ ದಿನ ತಗೋಬೇಕು. ಕೆಲಸ ಮಾಡಿ, ಕಿಟಕಿ ತೆರೆದಿಟ್ಕೊಳ್ಳಿ."

"ಚೂರು ಬೇರೆಯವರದ್ದೇನಾದ್ರೂ..." ಎಂದಳು ಅಕ್ಕ.

"ಇನ್ನೊಂದು ತೆಗೆಸ್ಲೇನೇ? ಈ ಸಲ ನೀನೇ ಚುಚ್ಚು!"

ಡಾಕ್ಟರು ನಕ್ಕುಬಿಟ್ಟರು. ಅಕ್ಕ ನಗಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಅವಳು ನಿಂತು ಚೀಲ ತಡಕಿದಳು. ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ತಾನೇ ಮಡಚಿದಳು.