ಮೂರನೇ ಅಧ್ಯಾಯದ ಏಳು ಸಾಲು

ಕೋಪ ಬಂದಾಗ ನನ್ನ ಅಕ್ಷರ ಇನ್ನಷ್ಟು ನೆಟ್ಟಗಾಗುತ್ತದೆ. ಇಪ್ಪತ್ತೆರಡು ವರ್ಷ ಪ್ರಕಾಶನದಲ್ಲಿ ಪ್ರೂಫ್ ತಿದ್ದಿದ ಕೈ ಇದು. ಆ ಶುಕ್ರವಾರ ಮಾಲೀಕರು ಹೊಡೆದುಹಾಕಿದ್ದ ಏಳು ಸಾಲುಗಳ ಪಕ್ಕ ನಾನು ‘ಇರಲಿ’ ಎಂದು ಎಷ್ಟು ಮುದ್ದಾಗಿ ಬರೆದಿದ್ದೆನೆಂದರೆ, ನೋಡಿದ ಕೂಡಲೇ ಅವರಿಗೆ ನನ್ನ ಸಿಟ್ಟು ಗೊತ್ತಾಯಿತು.

ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದರು. “ಏನಮ್ಮಾ ಇದು? ನಾನು ತೆಗೆದಿದ್ದನ್ನ ನೀವು ಮತ್ತೆ ಸೇರಿಸ್ತೀರಾ?”

“ಮೊದಲ ಮುದ್ರಣದಲ್ಲಿ ಇದೆ ಸಾರ್. ‘ಸಂಪೂರ್ಣ ಆವೃತ್ತಿ’ ಅಂತ ನಾವೇ ಹಾಕ್ಕೊಂಡಿದ್ದೀವಿ.”

“ನಾಯಕನಿಗೆ ನಲವತ್ತೆರಡು ಅಂದ್ರೆ ಯಾರು ಓದ್ತಾರೆ? ಮುಖಪುಟದಲ್ಲಿ ಅವನಿಗೆ ಮೀಸೆ ಕೂಡ ನೆಟ್ಟಗೆ ಬಂದಿಲ್ಲ! ಸಂಜೆಯೊಳಗೆ ತೆಗೀರಿ.”

ಮೀಸೆಯ ಮಾತು ನಿಜ. ಆ ಹಳೆಯ ಕಾದಂಬರಿಯನ್ನು ಇಪ್ಪತ್ತು ವರ್ಷಗಳಿಂದ ಹುಡುಗಿಯರು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದಾರೆ. ಹದಿನೇಳರ ಹುಡುಗಿ, ಅವಳಿಗಾಗಿ ಮೆಟ್ಟಿಲ ಮೇಲೆ ಕಾಯುವ ನಾಯಕ. ಅವನ ವಯಸ್ಸು ಗೊತ್ತಿಲ್ಲದ್ದರಿಂದ ಓದಿದವರೆಲ್ಲ ತಾವೇ ಇಪ್ಪತ್ತೈದು ಕೊಟ್ಟರು. ಇಪ್ಪತ್ತೈದರವನು ಮೆಟ್ಟಿಲ ಮೇಲೆ ಕಾದರೆ ಪ್ರೇಮ. ನಲವತ್ತೆರಡರವನು ಕಾದರೆ ಏನೆಂದು ಹೆಣ್ಣು ಹೆತ್ತವರನ್ನು ಕೇಳಿ. ಬರೆದವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಶಾಲಾ ಆವೃತ್ತಿಗೆ ಪುಟ ಉಳಿಸಬೇಕೆಂದು ಆ ಏಳು ಸಾಲನ್ನು ತೆಗೆದರು, ಆಮೇಲೆ ಬಂದ ಪ್ರತಿಗಳೆಲ್ಲ ಹಾಗೆಯೇ ಬಂದವು.

ಯಾವ ಮಹಾನುಭಾವರು ತೆಗೆದರೆಂದು ಹಳೆಯ ಕಡತ ಬಿಚ್ಚಿದೆ. ಗೀಟಿನ ಪಕ್ಕದಲ್ಲಿದ್ದದ್ದು ನನ್ನದೇ ಸಹಿ, ಕೆಲಸಕ್ಕೆ ಸೇರಿದ ಮೊದಲ ವರ್ಷದ್ದು. ನಾವು ಅಕ್ಷರ ನೋಡುತ್ತೇವೆ, ಅರ್ಥ ನೋಡುವುದಿಲ್ಲ. ಅರ್ಥದ ಹಿಂದೆ ಹೋದರೆ ತಪ್ಪುಗಳು ಕಣ್ಣಿಗೆ ಬೀಳುವುದಿಲ್ಲ ಎಂದು ಹೇಳಿಕೊಟ್ಟಿದ್ದರು. ಹೇಳಿದ ಕಡೆ ಗೀಟು ಎಳೆದಿದ್ದೆ. ಆ ಪುಸ್ತಕವನ್ನೇ ಮಗಳ ಹದಿಮೂರನೇ ಹುಟ್ಟುಹಬ್ಬಕ್ಕೆ ಕೊಟ್ಟಿದ್ದೆ.

ಈಗ ಅವಳಿಗೆ ಹದಿನೇಳು, ಅವಳ ಚಿತ್ರಕಲೆ ಮೇಷ್ಟ್ರಿಗೆ ನಲವತ್ತೊಂದು. ಭಾನುವಾರ ಅವನ ಜೊತೆ ಬೇರೆ ಊರಿಗೆ ಹೋಗುತ್ತಾಳಂತೆ, ಹದಿನೆಂಟು ತುಂಬಿದ ಮೇಲೆ ಮದುವೆಯಂತೆ. ಅವನ ಮನೆಗೇ ಹೋಗಿ ಬಾಯಿಗೆ ಬಂದಂತೆ ಬೈದು ಬಂದಿದ್ದೆ. ಅದರಿಂದ ಮಗಳ ಕಣ್ಣಿನಲ್ಲಿ ಅವನು ಇನ್ನಷ್ಟು ದೊಡ್ಡವನಾದ. ದೂರು ಕೊಡುತ್ತೇನೆ ಎಂದರೆ, “ಕೊಡು, ನಾನು ನಿನ್ನ ಮಗಳೇ ಅಲ್ಲ ಅಂದ್ಕೋ” ಎಂದಳು.

ಪ್ರೂಫ್ ಕಟ್ಟನ್ನು ಮಧ್ಯಾಹ್ನವೇ ಮನೆಗೆ ತಂದೆ. ನಮ್ಮ ಕೆಲಸದಲ್ಲಿ ಒಬ್ಬರು ಮೂಲವನ್ನು ವಿರಾಮಚಿಹ್ನೆಗಳ ಸಮೇತ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಟ್ಟುಕೊಂಡು ಹೋಗಬೇಕು. ಮಗಳು ಚಿಕ್ಕಂದಿನಿಂದ ಎಷ್ಟೋ ಪುಸ್ತಕ ಹೀಗೆ ಓದಿಕೊಟ್ಟಿದ್ದಾಳೆ. “ಜೊತೆಯವಳಿಗೆ ಜ್ವರ. ಒಂದೇ ಒಂದು ಅಧ್ಯಾಯ” ಎಂದು ಹಸಿ ಸುಳ್ಳು ಹೇಳಿದೆ. ಮುಖ ಊದಿಸಿಕೊಂಡೇ ಕುಳಿತಳು.

“ಅವನಿಗೆ ಆಗ ನಲವತ್ತೆರಡು ಅಲ್ಪವಿರಾಮ ಅವಳಿಗೆ ಹದಿನೇಳು ಪೂರ್ಣವಿರಾಮ.” ಓದಿದವಳು ತಲೆ ಎತ್ತಿದಳು. ಮುಖ ಅರಳಿತ್ತು. “ನಲವತ್ತೆರಡಾ? ನೋಡಮ್ಮಾ! ಇವರದೂ ನಮ್ಮ ಥರಾನೇ. ಮತ್ತೆ ಯಾಕೆ ಅಷ್ಟು ಕುಣಿದಾಡಿದೆ?”

ಕೆನ್ನೆಗೆ ಎರಡು ಬಾರಿಸಬೇಕೆಂದು ಎದ್ದ ಕೈಯನ್ನು ಪ್ರೂಫಿನ ಮೇಲೆ ಒತ್ತಿಟ್ಟುಕೊಂಡೆ.

“ಮಧ್ಯದಲ್ಲಿ ನಿಲ್ಲಿಸಬಾರದು. ಮುಂದಕ್ಕೆ ಓದು.”

“ಎಂಟು ವರ್ಷದ ಹಿಂದೆ ಅಲ್ಪವಿರಾಮ ಇದೇ ಮೆಟ್ಟಿಲ ಮೇಲೆ ಅವನು ಇನ್ನೊಬ್ಬಳಿಗೆ ಹೇಳಿದ್ದ ಅಲ್ಪವಿರಾಮ ನಿನ್ನ ವಾರಿಗೆಯವರಿಗಿಲ್ಲದ ತಿಳಿವಳಿಕೆ ನಿನಗಿದೆ ಪೂರ್ಣವಿರಾಮ. ಅವಳಿಗೂ ಹದಿನೇಳು ಪೂರ್ಣವಿರಾಮ. ಅವನ ವಯಸ್ಸು ಏರುತ್ತಿತ್ತು ಅಲ್ಪವಿರಾಮ ಹುಡುಗಿಯರ ವಯಸ್ಸು ಮಾತ್ರ ಅಲ್ಲೇ ನಿಂತಿತ್ತು…”

ಕೊನೆಯ ಪೂರ್ಣವಿರಾಮ ಅವಳ ಬಾಯಿಂದ ಬರಲಿಲ್ಲ. ಆ ಸಾಲುಗಳನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿದಳು.

“ಅಮ್ಮಾ, ಈ ತಿಳಿವಳಿಕೆ ಮಾತು… ಇದನ್ನ ಅವರು ನನಗೂ ಹೇಳಿದ್ರು.” ಪುಸ್ತಕ ಕೆಳಗಿಟ್ಟು, “ಅವರ ಗೋಡೆ ಮೇಲೆ ಐದು ಹುಡುಗೀರ ಚಿತ್ರ ಇದೆ. ಹಳೇ ವಿದ್ಯಾರ್ಥಿನಿಯರಂತೆ. ಎಲ್ಲರೂ ನನ್ನ ವಯಸ್ಸಿನವರೇ” ಎಂದಳು.

ಬಾಯಿ ತೆರೆದರೆ ಕೆಟ್ಟ ಬೈಗುಳವೇ ಬರುತ್ತಿತ್ತು.

“ನನ್ನ ಪುಸ್ತಕದಲ್ಲಿ ಇದು ಇರಲೇ ಇಲ್ಲ. ಯಾರು ತೆಗೆದಿದ್ದು?”

“ನಾನು.”

“ನೀನಾ? ನೀನೇ ತೆಗೆದು, ನೀನೇ ತಂದು ನನ್ನ ಕೈಗೆ ಕೊಟ್ಟೆಯಾ?”

“ಹೌದು. ಓದದೇ ತೆಗೆದೆ.”

ಅವಳು ಪ್ರೂಫನ್ನು ಎಳೆದುಕೊಂಡು ಮಾಲೀಕರ ಕೆಂಪು ಗೀಟು ನೋಡಿದಳು. “ಈಗಲೂ ತೆಗೀತೀಯಾ?”

ಅಲ್ಲೇ ಫೋನ್ ಹಚ್ಚಿದೆ. “ಸಾರ್, ಆ ಏಳು ಸಾಲು ಹೋಗಬೇಕು ಅಂದ್ರೆ ಬೇರೆಯವರ ಕೈಲಿ ತೆಗೆಸಿ. ನನ್ನ ಕೈ ಒಂದು ಸಲ ತೆಗೆದಿದೆ, ಸಾಕು.” ಅವರು ಕೂಗಾಡತೊಡಗಿದರು. ನಾನು ಫೋನ್ ಇಟ್ಟೆ.

ಮಗಳು ಮೆಚ್ಚಿಕೊಳ್ಳುತ್ತಾಳೆಂದು ಒಂದು ಗಳಿಗೆ ಆಸೆಪಟ್ಟದ್ದು ನನ್ನ ದಡ್ಡತನ. ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಕೆನ್ನೆಯೆಲ್ಲ ಒದ್ದೆಯಾಗಿತ್ತು, ದನಿ ಮಾತ್ರ ನನ್ನದೇ ಸಿಟ್ಟಿನ ದನಿ.

“ಭಾನುವಾರ ಇಡೀ ದಿನ ನೀನು ನನ್ನ ಹತ್ತಿರ ಒಂದು ಮಾತೂ ಆಡಬೇಡ” ಎಂದಳು. “ಮನೇಲೇ ಇರ್ತೀನಿ. ಆದ್ರೂ ಆಡಬೇಡ.”