ತುಟಿಯ ಮೇಲಿನ ಬೆರಳು

ಅಗರಖೇಡದ ನಾಜಿಮಾ ಮಗಳು ಆಯೇಶಾಳನ್ನು ಇಂಗ್ಲಿಷ್ ಶಾಲೆಗೆ ಹಾಕಿದ ದಿನವೇ ಮನೆಗೊಂದು ಕಾಯಿದೆ ತಂದಳು. ಮಗುವಿನ ಬಾಯಲ್ಲಿ ಮನೆಯ ಉರ್ದುವೂ ಬೇಡ, ಓಣಿಯ ಕನ್ನಡವೂ ಬೇಡ. ಬಂದರೆ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಾಗಬೇಕು.

"ಎರಡು ಭಾಷಾ ತಲಿಯಾಗಿದ್ರ ಮೂರನೇದು ಎಲ್ಲಿ ಹಿಡಿತೈತ್ರಿ?" ಎಂದಳು.

ಪಕ್ಕದ ಮನೆಯ ಅಂಗನವಾಡಿ ಟೀಚರ್ ಶೈಲಶ್ರೀ ನಕ್ಕಳು. "ತಲಿ ಏನು ಜ್ವಾಳದ ಚೀಲೇನವಾ, ತುಂಬಿ ಹೋಗಾಕ?"

"ನಿಮಗೇನ್ರಿ, ಕಲಿತಾವ್ರು! ನನ್ನಂಗ ಆಕಿ ಇಂಗ್ಲಿಷ್ ಫಾರಂ ಹಿಡ್ಕೊಂಡು ಮಂದಿ ಮಾರಿ ನೋಡ್ಕೋತ ನಿಂದ್ರಬಾರದು."

ಆರು ವರ್ಷದ ಆಯೇಶಾ ದಿನದಿನಕ್ಕೆ ಮೂಕಿಯಾದಳು. ಅಜ್ಜಿ ಪೀರಬಿ ಉರ್ದು ಕತೆ ಹೇಳುವುದನ್ನೇ ಬಿಟ್ಟಳು.

ಅದೊಂದು ಸಂಜೆ ನಾಜಿಮಾ ಒಲೆಗೆ ಕಟ್ಟಿಗೆ ತರಲು ಹಿತ್ತಲಿಗೆ ಹೋದಳು. ತೊಗರಿ ಕಟ್ಟಿಗೆಯ ಬಳಿ ಮಗಳು ನಿಂತಿದ್ದಳು. ತುಟಿಯ ಮೇಲೆ ಬೆರಳು. ಕಣ್ಣಲ್ಲಿ ಧಾರೆ ನೀರು, ಮೈತುಂಬ ಬೆವರು. ಎಡಗಾಲು ನೆಲಕ್ಕೆ ಊರುತ್ತಿಲ್ಲ. ಅಲ್ಲೇ ಒಂದು ಕೆಂಪು ಚೇಳು ಕಟ್ಟಿಗೆಯೊಳಗೆ ಸರಿಯಿತು.

ನಾಜಿಮಾ ಮಗಳತ್ತ ಧಾವಿಸಿದಳು. ತಾನೇ ಮಾಡಿದ ಕಾಯಿದೆ ಮರೆತು ಉರ್ದುವಿನಲ್ಲೇ ಚೀರಿದಳು. "ಯಾಕ ಒದರಲಿಲ್ಲ ನನ್ನವ್ವಾ?"

"ಅಮ್ಮಿ... ಚೇಳಿಗೆ ಇಂಗ್ಲಿಷಿನ್ಯಾಗ ಏನಂತಾರ ಗೊತ್ತಿರಲಿಲ್ಲ."

ನಾಜಿಮಾ ನಿಂತಲ್ಲೇ ಕಲ್ಲಾದಳು. ಚೀರಿದ ಸದ್ದಿಗೆ ಓಡಿ ಬಂದ ಶೈಲಶ್ರೀಯೇ ಮಗುವನ್ನು ಎತ್ತಿಕೊಂಡಳು. "ನಿಂದ್ರಬ್ಯಾಡ, ನನ್ನ ಗಾಡಿ ಹತ್ತು!"

ಇಂಡಿ ಪಟ್ಟಣದ ದವಾಖಾನೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದಾಗ ಆಯೇಶಾಳ ಬೆರಳು ಮತ್ತೆ ತುಟಿಗೇರಿತು.

"ನಿನಗ ಬರೂ ಮಾತಿನ್ಯಾಗ ಹೇಳವಾ," ಎಂದಳು ಶೈಲಶ್ರೀ.

ಆಗ ಆಯೇಶಾ ಎಲ್ಲಿ ಕಡಿಯಿತು, ಎಷ್ಟು ಹೊತ್ತಾಯಿತು, ಎಲ್ಲವನ್ನೂ ಡಾಕ್ಟರಿಗೆ ಕನ್ನಡದಲ್ಲಿ ಹೇಳಿ, "ಬಿಟ್ಟು ಹೋಗಬ್ಯಾಡ" ಎಂದು ತಾಯಿಗೆ ಉರ್ದುವಿನಲ್ಲಿ ಹೇಳಿದಳು. ಮದ್ದು ಹತ್ತಿತು. ಮಗು ಉಳಿಯಿತು.

"ಮೂರೂ ಭಾಷಾ ಕಲಬೆರಕಿ ಆಗ್ತಾವಂತ ಅಂಜಿದ್ನಿರಿ," ಎಂದು ನಾಜಿಮಾ ಬಿಕ್ಕಿದಳು.

"ಒಂದೊಂದು ಮಾತು ಕೂಡ್ತಾವ, ಹುಡುಗರು ತಾವ ಬಿಡಿಸ್ಕೋತಾವ. ಉರ್ದುದಾಗ ಎಣಿಸಾಕ ಬರೂ ಹುಡುಗಿಗೆ ಇಂಗ್ಲಿಷಿನ್ಯಾಗ ಎಣಿಕಿ ಮತ್ತ ಕಲಿಸಬೇಕೇನು? ಅಂಕಿ ಹೆಸರಷ್ಟ ಹೊಸಾದು," ಎಂದಳು ಶೈಲಶ್ರೀ.

ಮನೆಗೆ ಬಂದ ಮೇಲೆ ಪೀರಬಿಯೂ ಸೊಸೆಯನ್ನು ತಿವಿದಳು. "ಜ್ವಾಳದ ನಡುವ ಕುಸುಬಿ ಸಾಲು ಬಿತ್ತಾಕಿ ನೀನ. ಜ್ವಾಳ ಸತ್ತೈತೇನು? ದನ ಹೊಗದಂಗ ಕುಸುಬಿ ಮುಳ್ಳ ಜ್ವಾಳ ಕಾಯ್ತೈತಿ!"

ಈಗಲೂ ಮಾತಾಡುವಾಗ ಆಯೇಶಾಳ ಬೆರಳು ತಾನಾಗಿ ಮೇಲೇರುತ್ತದೆ. ನಾಜಿಮಾ ಅದನ್ನು ಹಿಡಿದು ಮೆಲ್ಲಗೆ ಕೆಳಗಿಳಿಸುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಇಂಗ್ಲಿಷ್ ಕಲಿಸಿರಿ, ಬೇಡವೆಂದವರು ಯಾರು? ಆದರೆ ನೋವಾದಾಗ ಮಗು ಯಾವ ಮಾತಿನಲ್ಲಿ ಕೂಗುತ್ತದೋ ಆ ಮಾತನ್ನು ಕಸಿಯಬೇಡಿರಿ. ಮನೆಯ ಮಾತಿನಲ್ಲಿ ಕತೆ ಹೇಳಿರಿ, ಅದನ್ನೇ ಶಾಲೆಯ ಮಾತಿನಲ್ಲಿ ತಿರುಗಿ ಹೇಳಲು ಕೇಳಿರಿ. ಮೊದಲು, ನಿಮ್ಮ ಮಗುವಿನ ತುಟಿಯ ಮೇಲೆ ಯಾರ ಬೆರಳಿದೆ, ನೋಡಿರಿ.