ಅಡ್ಡ ನಿಂತ ಕಾರು

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಮೆಕ್ಯಾನಿಕ್‌ನ ಹೆಣ ಹೊತ್ತ ಹಲಗೆ ಕೊನೆಯ ಮೆಟ್ಟಿಲಲ್ಲಿ ಸಿಕ್ಕಿಕೊಂಡಿತು. ಮೆಟ್ಟಿಲು ಇಳಿದರೆ ಶೆಡ್ಡು, ಬೀದಿಗೆ ಅದೊಂದೇ ದಾರಿ; ಶೆಡ್ಡಿನ ತುಂಬ ಅವನ ಹಳೆಯ ಕಾರು. ಕಾರಿಗೂ ಗೋಡೆಗೂ ನಡುವೆ ಒಂದೂವರೆ ಗೇಣು ಜಾಗ.

"ಹಿಂದಕ್ಕೆ ತಗೊಳ್ರೋ, ನನ್ನ ಹೊಟ್ಟೆ ಸಿಕ್ಕಿಬಿತ್ತು!" ಅಂದ ಟೈರ್ ಅಂಗಡಿಯವನು.

"ಹೊಟ್ಟೆ ಅಂಗಡೀಲೇ ಬಿಟ್ಟು ಬಂದಿದ್ರೆ ಇಷ್ಟೊತ್ತಿಗೆ ಬೀದೀಲಿರ್ತಿದ್ವಿ," ಅಂದ ವೆಲ್ಡರ್. ಸತ್ತವನ ಮೂವತ್ತು ವರ್ಷದ ಗೆಳೆಯ ಅವನು. "ಹಲಗೇನ ಸ್ವಲ್ಪ ನಿಲ್ಲಿಸಿಕೊಂಡ್ರೆ..."

ಮೇಲಿನಿಂದ ಸತ್ತವನ ತಂಗಿ ಗದರಿದಳು. "ನಮ್ಮಣ್ಣ ಏನು ಬೀರುವೇನ್ರೋ, ನಿಲ್ಲಿಸಿ ಸಾಗಿಸೋಕೆ?"

ಹಲಗೆ ಮತ್ತೆ ಮೇಲೆ ಹೋಯಿತು. ಬೀದಿಯಲ್ಲಿ ವ್ಯಾನ್ ಕಾಯುತ್ತಿತ್ತು. ಸುಡುಗಾಡಿನವರು ಹನ್ನೆರಡರ ಮೇಲೆ ಆಗುವುದಿಲ್ಲ ಅಂದಿದ್ದರು. ಸತ್ತವನ ಹೆಂಡತಿ ಮೆಟ್ಟಿಲ ಮೇಲೆ ಗೋಡೆ ಹಿಡಿದು ನಿಂತಿದ್ದಳು.

"ಎಲ್ಲರೂ ಸೇರಿ ಕಾರನ್ನ ತಳ್ಳಿಬಿಡೋಣ," ಅಂದ ಟೈರಿನವನು.

"ಮುಂದಿನ ಗಾಲಿ ಎಲ್ಲಿದಾವೆ ನೋಡು," ಅಂದ ವೆಲ್ಡರ್. " ಸ್ಟ್ಯಾಂಡಿನ ಮೇಲೆ ಕೂತಿದೆ ಇದು. ಈ ಹಳೇ ಕಾರಲ್ಲಿ ಶಾಕ್ ಅಬ್ಸಾರ್ಬರ್ ತೋಳೇ ಗಾಲೀನ ಮೇಲಿಂದ ಹಿಡ್ಕೊಳ್ಳೋದು. ಅದಿಲ್ದೆ ಗಾಲಿ ನಿಲ್ಲಲ್ಲ. ಗಾಲಿ ನಿಲ್ದೆ ಕಾರು ಹೊರಡಲ್ಲ."

"ಕಾರು ಹೊರಡ್ದೆ ಇವನೂ ಹೊರಡಲ್ಲ. ಒಳ್ಳೇ ಪಟ್ಟು ಹಿಡ್ಕೊಂಡು ಮಲಗಿದಾನೆ," ಅಂದ ಟೈರಿನವನು.

ವೆಲ್ಡರ್ ಗೋಡೆಯ ಗೂಡಿನಿಂದ ಗೋಣಿ ಚೂರಿನಲ್ಲಿ ಸುತ್ತಿದ ಗಂಟುಗಳನ್ನು ಇಳಿಸಿದ. ಮೂರು ಜೊತೆ ಶಾಕ್ ಅಬ್ಸಾರ್ಬರ್. ಎಲ್ಲ ನೋಡಲು ಒಂದೇ ತರಹ, ಕಪ್ಪಗೆ, ಭಾರವಾಗಿ.

"ಅತ್ತಿಗೆ, ಇದರಲ್ಲಿ ಯಾವುದು ಸರಿ ಇರೋದು? ಏನಾದ್ರೂ ಹೇಳಿದ್ನಾ?"

"ತನ್ನಿ. ನಾನು ನೋಡ್ತೀನಿ," ಅಂದಳು ಅವಳು.

*

ಹನ್ನೊಂದು ವರ್ಷದ ಹಿಂದೆ ಅವಳು ಇದೇ ಮೆಟ್ಟಿಲಿನಿಂದ ಜಾರಿ ಬೆನ್ನು ಮುರಿದುಕೊಂಡಿದ್ದಳು. ಮಲಗಿದ್ದಷ್ಟು ದಿನವೂ ಒಂದೇ ಮಾತು: ಒಂದು ಸಲ ಅಕ್ಕನ ಮನೆಗೆ ಹೋಗಿಬರಬೇಕು. ಅಕ್ಕನ ಮನೆ ಸಮುದ್ರದ ದಂಡೆಯಲ್ಲಿ, ಬಸ್ಸಿನಲ್ಲಿ ಏಳು ಗಂಟೆಯ ದಾರಿ.

"ಬಸ್ಸಿಗೆ ನಿನ್ನ ಬೆನ್ನು ಕೊಡಲ್ಲ ನಾನು," ಅಂದಿದ್ದ ಗಂಡ. ಕಾರು ತಂದ. "ಶಾಕ್ ಅಬ್ಸಾರ್ಬರ್ ಒಂದು ಸರಿಹೋಗ್ಲಿ. ತುಂಬಿದ ಲೋಟ ತುಳುಕದ ಹಾಗೆ ಕರ್ಕೊಂಡು ಹೋಗ್ತೀನಿ."

ತಂದ ಒಂದೊಂದನ್ನೂ ಅವನು ಮೇಜಿಗೆ ಬಿಗಿದ ಇಕ್ಕಳಕ್ಕೆ ಕಚ್ಚಿಸಿ ತೋಳನ್ನು ಮೇಲೆ ಕೆಳಗೆ ಆಡಿಸುತ್ತಿದ್ದ. ಹೋಗುವಾಗ ಬರುವಾಗ ಒಂದೇ ಬಿಗಿ ಇರಬೇಕು, ನಡುವೆ ಎಲ್ಲೂ ಕೈ ಜಾರಬಾರದು, ಎಣ್ಣೆ ಒಸರಬಾರದು. ಆಮೇಲೆ ಕಾರಿಗೆ ಹಾಕಿ ಕೂಗುತ್ತಿದ್ದ: "ಬಾರೇ, ಕೂತು ಏಳು." ಅವಳು ಕೂತು ಏಳುವಳು. ಅವನು ಮಡ್‌ಗಾರ್ಡಿನ ಬಳಿ ಕುಕ್ಕರಗಾಲಲ್ಲಿ ಕೂತು ನೋಡುವನು. ಕಾರು ಒಮ್ಮೆ ಇಳಿದು ಒಮ್ಮೆ ಏರಿ ನಿಂತುಬಿಡಬೇಕು. ಇನ್ನೊಮ್ಮೆ ತೂಗಿದರೆ ಅದು ಸತ್ತ ಸಾಮಾನು.

"ಸರಿಯಾಗಿದೆಯಲ್ರೀ."

"ನಿನಗೇನು ಗೊತ್ತು? ಒಂಚೂರು ಬಿಗಿ."

ಮರುದಿನ ಬಿಚ್ಚುವನು. ಮುಂದಿನದು ಒಂಚೂರು ಸಡಿಲ. ಫೋನಿನಲ್ಲಿ ಅಕ್ಕ ನಗುತ್ತಿದ್ದಳು. "ಏನೇ, ನಿನ್ನ ಗಂಡ ಕಾರು ರಿಪೇರಿ ಮಾಡ್ತಿದಾನೋ, ಹೆರ್ತಿದಾನೋ?"

ಎರಡು ವರ್ಷದ ಹಿಂದೆ ಅಕ್ಕ ಹಾಸಿಗೆ ಹಿಡಿದಳು. ಇವಳು ಚೀಲ ತುಂಬಿಕೊಂಡು ಮೆಟ್ಟಿಲಿಳಿದು ಬಂದಳು. "ಬಸ್ಸಲ್ಲೇ ಹೋಗ್ತೀನಿ ರೀ."

ಕಾರಿಗೂ ಗೋಡೆಗೂ ನಡುವಿನ ಆ ಒಂದೂವರೆ ಗೇಣಿನಲ್ಲಿ ಗಂಡ ನಿಂತಿದ್ದ. ಗದರಲಿಲ್ಲ. "ದಾರೀಲಿ ಬೆನ್ನು ಹೋದ್ರೆ ಯಾರೇ ನೋಡೋರು? ಇನ್ನೊಂದು ಜೊತೆ ನಾಳೆ ಬರುತ್ತೆ. ನಾಡಿದ್ದು ಹೊರಟೇಬಿಡೋಣ."

ಚೀಲ ಮಂಚದ ಕೆಳಗೆ ಹೋಯಿತು. ನಾಡಿದ್ದು ಬರುವಷ್ಟರಲ್ಲಿ ಅಕ್ಕ ಇರಲಿಲ್ಲ.

*

ಅವಳು ಮೊದಲನೆಯದನ್ನು ಇಕ್ಕಳಕ್ಕೆ ಕಚ್ಚಿಸಿ ತೋಳು ಒತ್ತಿದಳು. ಒಂದೇ ಬಿಗಿ. ಎಲ್ಲೂ ಜಾರಲಿಲ್ಲ. ಬಟ್ಟೆ ಚೂರಿನಿಂದ ಜಿಡ್ಡು ಒರೆಸಿದಾಗ ತೋಳಿನ ಬುಡದಲ್ಲಿ ಅರದಿಂದ ಎಳೆದ ಸಣ್ಣ ಗೆರೆ ಕಂಡಿತು.

ಆ ಗೆರೆ ಗೊತ್ತಿಲ್ಲದವರು ಈ ಬೀದಿಯಲ್ಲಿ ಇರಲಿಲ್ಲ. ಪಾಸಾದ ಸಾಮಾನಿಗೆ ಅವನು ಹಾಕುವ ಗುರುತು ಅದು. ಗೆರೆ ಇಲ್ಲದ ಸಾಮಾನು ಅವನ ಶೆಡ್ಡಿನಿಂದ ಎಂದೂ ಆಚೆ ಹೋಗಿರಲಿಲ್ಲ. ಮನಸ್ಸು ಒಪ್ಪದೆ ಅವನು ಗೆರೆ ಎಳೆದವನೂ ಅಲ್ಲ.

"ಸಿಕ್ತಲ್ಲ, ಇದೇ ಹಾಕೋಣ," ಅಂದ ವೆಲ್ಡರ್.

ಅವಳು ಎರಡನೆಯ ಜೊತೆ ಬಿಚ್ಚಿ ಒರೆಸಿದಳು. ಗೆರೆ. ಮೂರನೆಯದು. ಅದಕ್ಕೂ ಗೆರೆ.

ವೆಲ್ಡರ್ ಕನ್ನಡಕ ಮೇಲೇರಿಸಿ ಹತ್ತಿರದಿಂದ ನೋಡಿದ. "ಮೂರೂ ಪಾಸಾ? ಹಂಗಾದ್ರೆ ಮತ್ಯಾಕೆ..." ಅಂದವನು ಅವಳ ಮುಖ ನೋಡಿ ಕನ್ನಡಕ ಇಳಿಸಿಕೊಂಡ.

"ಇನ್ನೂ ಎಷ್ಟೊತ್ತು ಅತ್ತಿಗೆ?" ಮೇಲಿನಿಂದ ನಾದಿನಿ ಕೂಗಿದಳು.

"ಯಾವುದಾದ್ರೂ ಹಾಕಪ್ಪ," ಅಂದಳು ಅವಳು ವೆಲ್ಡರ್‌ಗೆ. "ಎಲ್ಲಾ ಸರಿಯಾಗೇ ಇದ್ವು."

ಒಂದೂವರೆ ಗಂಟೆ ಹಿಡಿಯಿತು. ಗಾಲಿ ಕೂತವು, ಸ್ಟ್ಯಾಂಡ್ ತೆಗೆದರು. ವೆಲ್ಡರ್ ಕೈ ಒರೆಸಿಕೊಳ್ಳುತ್ತ ಅಭ್ಯಾಸಬಲದಿಂದ, "ಅತ್ತಿಗೆ, ಒಂದ್ಸಲ ಕೂತು..." ಎಂದು ನಾಲಿಗೆ ಕಚ್ಚಿಕೊಂಡ.

ಅವಳು ಬಾಗಿಲು ತೆಗೆದು ಕೂತಳು, ಎದ್ದಳು. ಕಾರು ಒಮ್ಮೆ ಇಳಿಯಿತು, ಒಮ್ಮೆ ಏರಿತು, ನಿಂತಿತು.

ನಾಲ್ಕು ಜನ ತಳ್ಳಿದರು. ಬಾಗಿಲ ಮುಂದಿನ ಚರಂಡಿಯ ಕಲ್ಲನ್ನು ಅದು ಕುಲುಕದೆ ದಾಟಿತು. ಬಿಸಿಲಿನಲ್ಲಿ ಅದರ ಎಡ ಮಡ್‌ಗಾರ್ಡಿನ ಮೇಲೆ ಅಂಗೈಯಗಲ ಬಣ್ಣ ಸವೆದು ಹೊಳೆಯುತ್ತಿತ್ತು. ಹನ್ನೊಂದು ವರ್ಷ ಗೋಡೆಯ ಸಂದಿಯಲ್ಲಿ ಓಡಾಡುವಾಗ ಅವಳ ಸೊಂಟ ಉಜ್ಜಿದ ಜಾಗ ಅದು.

ಅದು ಗುರುವಾರ. ಮೊದಲು ಕಾರು ಹೊರಟಿತು, ಅದರ ಹಿಂದೆ ಮೆಕ್ಯಾನಿಕ್.

"ಬನ್ನಿ ಅತ್ತಿಗೆ, ವ್ಯಾನ್ ಹತ್ತಿ," ಅಂದಳು ನಾದಿನಿ.

"ಬೀಗದ ಕೈ ಮೇಲಿದೆ, ತಗೊಂಡು ಬರ್ತೀನಿ," ಎಂದು ಅವಳು ಒಳಗೆ ತಿರುಗಿದಳು. ಶೆಡ್ಡು ಈ ಗೋಡೆಯಿಂದ ಆ ಗೋಡೆಗೆ ಖಾಲಿಯಾಗಿತ್ತು. ನೆಲದಲ್ಲಿ ಎಣ್ಣೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ. ಅವಳು ಉಸಿರು ಬಿಗಿಹಿಡಿದು, ಮೈ ಅಡ್ಡ ತಿರುಗಿಸಿ, ಗೋಡೆಗೆ ಬೆನ್ನು ಹಚ್ಚಿ, ಒಂದೊಂದೇ ಹೆಜ್ಜೆ ಸರಿಯುತ್ತ ಮೆಟ್ಟಿಲ ಕಡೆಗೆ ಹೋದಳು.